ಮುಂದಿನ ಡಬ್ಬಿ ಯಾರದು?

ಆ ಊರಿನಲ್ಲಿ ಯಾರಾದರೂ ಕರೆಂಟಿನ ಗಾಡಿ ಕೊಂಡರೆ ಜನ ಮೊದಲು ಕೈ ಕುಲುಕುತ್ತಿದ್ದರು, ಆಮೇಲೆ ಅಯ್ಯೋ ಪಾಪ ಎನ್ನುತ್ತಿದ್ದರು. ಕೊಳ್ಳುವುದೇನೋ ಕೊಂಡಿರಿ, ಚಾರ್ಜ್ ಎಲ್ಲಿ ಮಾಡುತ್ತೀರಿ?

ಜಾಗ ಇರಲಿಲ್ಲ ಎಂದಲ್ಲ. ಬೆರಳು ಮಡಚಿ ಹೇಳುವಷ್ಟು ಇದ್ದವು. ನಗರಸಭೆಯ ಹಿಂದುಗಡೆ ಫಳಫಳ ಹೊಳೆಯುವ ಯಂತ್ರವೊಂದು ನಿಂತಿತ್ತು. ಅದರ ಮುಂದೆ ಸಾಹೇಬರ ಡೀಸೆಲ್ ಜೀಪು ನಿಂತಿತ್ತು. ಜೀಪಿನ ಡ್ರೈವರ್ ಎಲ್ಲಿ ಎಂದರೆ ಈಗ ಇಲ್ಲೇ ಇದ್ದ ಎನ್ನುತ್ತಿದ್ದರು. ದೊಡ್ಡ ಹೋಟೆಲಿನ ಅಂಗಳದಲ್ಲಿ ಇನ್ನೊಂದು ಇತ್ತು, ಅದು ಅಲ್ಲಿ ಊಟ ಮಾಡುವವರಿಗೆ ಮಾತ್ರ. ಕಾರಿನ ಹೊಟ್ಟೆ ಅರ್ಧ ತುಂಬುವಷ್ಟರಲ್ಲಿ ಕಾರಿನವನ ಹೊಟ್ಟೆ ಬಿರಿದುಹೋಗುತ್ತಿತ್ತು. ಚಿತ್ರಮಂದಿರದ ಪಾರ್ಕಿಂಗಿನಲ್ಲಿ ಟಿಕೆಟ್ ತೋರಿಸಿದವರಿಗೆ ಪ್ಲಗ್ಗು ಸಿಗುತ್ತಿತ್ತು. ಇದರ ದೆಸೆಯಿಂದ ಬಾಡಿಗೆ ಕಾರು ಓಡಿಸುವ ಹುಡುಗಿಯೊಬ್ಬಳು ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿ, ಖಳನಾಯಕ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಸೀಟಿನಿಂದಲೇ ಹೇಳಿಬಿಡುತ್ತಿದ್ದಳು. ಪಕ್ಕದವರು ಗೊಣಗುತ್ತ ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಇನ್ನು ಪೆಟ್ರೋಲ್ ಬಂಕ್. ಅಲ್ಲಿ ‘ಇಲ್ಲಿ ಚಾರ್ಜ್ ಮಾಡಲಾಗುವುದು’ ಎಂಬ ಬೋರ್ಡು ಬಂದಿತ್ತು. ಯಂತ್ರ ಬಂದಿರಲಿಲ್ಲ.

ಇವೆಲ್ಲಕ್ಕಿಂತ ಒಳ್ಳೆಯ ಜಾಗವೊಂದು ಊರಿನ ನಟ್ಟನಡುವೆಯೇ ಇತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲೇ ಆಯುಷ್ಯ ಸವೆಸಿದ ಗಿರಣಿ ಅಕ್ಕನ ತಲೆಗೂ ಹೊಳೆದಿರಲಿಲ್ಲ.

ಗಿರಣಿ ಅಕ್ಕ ಎಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ. ಗಟ್ಟಿಮುಟ್ಟಾದ ಮೈ, ಬೀದಿಯ ಆ ತುದಿಗೂ ಕೇಳುವ ಗಂಟಲು, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟಿನ ತೆಳ್ಳನೆಯ ಪದರ. ಮದುವೆಯಾಗಿ ಬಂದ ಹೊಸತರಲ್ಲಿ ಈ ಧೂಳಿಗೆ ಸೀನಿ ಸೀನಿ ಹೈರಾಣಾಗುತ್ತಿದ್ದಳಂತೆ. ಈಗ ಧೂಳಿಲ್ಲದ ಕಡೆ ಹೋದರೇ ಸೀನು ಬರುತ್ತದೆ ಎನ್ನುತ್ತಾಳೆ. ಊರಿಗೆಲ್ಲ ಅವಳು ಅಕ್ಕ. ಹಾಗಾಗಿ ಅವಳ ಗಂಡ ಊರಿಗೆಲ್ಲ ಭಾವ. ಭಾವ ಅಂದಮೇಲೆ ಗೇಲಿ ಮಾಡುವ ಹಕ್ಕು ಎಲ್ಲರಿಗೂ ಇದೆಯಲ್ಲ, ಊರು ಅದನ್ನು ಧಾರಾಳವಾಗಿ ಬಳಸಿಕೊಳ್ಳುತ್ತಿತ್ತು. ಅವರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಗಿರಣಿಯ ಸದ್ದು ಅವರ ಕಿವಿಗಳನ್ನು ಇಷ್ಟಿಷ್ಟೇ ತಿಂದು ಮುಗಿಸಿತ್ತು.

ಕಿವಿ ಹೋದಮೇಲೆ ಭಾವ ಅಂಗೈಯಲ್ಲಿ ಕೇಳಿಸಿಕೊಳ್ಳಲು ಕಲಿತರು. ಗಿರಣಿಯ ಕಬ್ಬಿಣದ ಮೈಮೇಲೆ ಅಂಗೈ ಇಟ್ಟರೆ ಸಾಕು, ಒಳಗೆ ಬೀಳುತ್ತಿರುವುದು ಗೋಧಿಯೋ ಜೋಳವೋ, ಬೆಲ್ಟು ಸಡಿಲವಾಗಿದೆಯೋ, ಕಲ್ಲು ಸವೆದಿದೆಯೋ ಎಲ್ಲ ತಿಳಿಯುತ್ತಿತ್ತು. ಅಕ್ಕನ ಕಸುಬು ಇದಕ್ಕೆ ತದ್ವಿರುದ್ಧ, ಅದೆಲ್ಲ ಕಿವಿಯಲ್ಲೇ. ಕಾಳು ಬೀಳುವವರೆಗೆ ಗಿರಣಿ ಗುರುಗುಟ್ಟುತ್ತದೆ. ಕಾಳು ಮುಗಿಯುತ್ತಿದ್ದ ಹಾಗೆ ಆ ಗುರುಗುರು ಇಳಿದು ಸದ್ದು ತೆಳ್ಳಗಾಗುತ್ತದೆ. ಆಗ ತಕ್ಷಣ ಬಂದ್ ಮಾಡಬೇಕು, ಇಲ್ಲದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ ಎರಡೂ ಹಾಳು. ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ, ಕಲ್ಲು ಬರಿದೇ ತಿರುಗಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದರು. ಅತ್ತೆ ಹೇಳಿದ ಬೇರೆ ಹತ್ತಾರು ಮಾತುಗಳನ್ನು ಅಕ್ಕ ಗಾಳಿಗೆ ತೂರಿದ್ದಳು. ಇದೊಂದನ್ನು ಕೈಯೇ ಕಲಿತುಬಿಟ್ಟಿತ್ತು. ಸದ್ದು ಇಳಿದರೆ ಅವಳು ಯೋಚಿಸುವ ಮೊದಲೇ ಕೈ ಸ್ವಿಚ್ಚಿನ ಮೇಲೆ ಇರುತ್ತಿತ್ತು.

ಆ ಗಿರಣಿಯ ಮುಂದೆ ಜನ ಸಾಲು ನಿಲ್ಲುವ ಪದ್ಧತಿ ಇರಲಿಲ್ಲ. ಡಬ್ಬಿಗಳು ನಿಲ್ಲುತ್ತಿದ್ದವು. ಕಾಳಿನ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟು ನೀವು ಸಂತೆಗೆ ಹೋಗಿ, ಕ್ಷೌರಕ್ಕೆ ಹೋಗಿ, ಜಗಳಕ್ಕೆ ಹೋಗಿ. ನಿಮ್ಮ ಸರದಿ ನಿಮ್ಮ ಡಬ್ಬಿಯ ಹತ್ತಿರ ಭದ್ರವಾಗಿರುತ್ತಿತ್ತು. ಒಮ್ಮೆ ಯಾರೋ ಜಾಣೆ ಬೆಳಗ್ಗೆಯೇ ಖಾಲಿ ಡಬ್ಬಿ ಇಟ್ಟು ಜಾಗ ಹಿಡಿದು, ಮಧ್ಯಾಹ್ನ ನಿಧಾನವಾಗಿ ಕಾಳು ತಂದಳಂತೆ. ಅಂದಿನಿಂದ ಭಾವ ಒಂದು ಕಾನೂನು ಮಾಡಿದರು: ಖಾಲಿ ಡಬ್ಬಿಗೆ ಸಾಲಿನಲ್ಲಿ ಜಾಗ ಇಲ್ಲ. ದಿನಕ್ಕೆ ಹಲವು ಸಲ ಸಾಲಿನುದ್ದಕ್ಕೂ ನಡೆದು ಒಂದೊಂದೇ ಡಬ್ಬಿ ಎತ್ತಿ ನೋಡುತ್ತಿದ್ದರು. ಹಗುರವಿದ್ದರೆ ಅದನ್ನು ಬೋರಲು ಹಾಕಿ ಪಕ್ಕಕ್ಕಿಡುತ್ತಿದ್ದರು. ಗಂಟಲು ಹರಿದುಕೊಂಡು ವಾದ ಮಾಡಿದರೂ ಪ್ರಯೋಜನವಿರಲಿಲ್ಲ, ವಾದ ಕೇಳಿಸಬೇಕಲ್ಲ. ಒಂದು ಡಬ್ಬಿ ಮುಗಿದ ಕೂಡಲೇ ಬಾಗಿಲಿಗೆ ಬಂದು, ಕಿವುಡರು ಕೂಗುವ ಹಾಗೆ ಬೀದಿ ನಡುಗುವಂತೆ ಕೂಗುತ್ತಿದ್ದರು: “ಮುಂದಿನ ಡಬ್ಬಿ ಯಾರದು?” ಎದುರಿನ ಶಾಲೆಯ ಮಕ್ಕಳು ಅದನ್ನೇ ಅಣಕಿಸಿ ಆಟವಾಡುತ್ತಿದ್ದರು.

ಆಮೇಲೆ ಅಂಗಡಿಗಳಿಗೆ ಹಿಟ್ಟಿನ ಪ್ಯಾಕೆಟ್ ಬಂತು. ಸಾಲು ಬೀದಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹೊಸ್ತಿಲಿಗೆ ಕುಗ್ಗಿತು. ಕೊನೆಗೆ ಇಡೀ ದಿನ ಒಂದೆರಡು ಡಬ್ಬಿ ಬಂದರೆ ದೊಡ್ಡದು. ಯಾರದು ಎಂದು ಕೂಗುವ ಅಗತ್ಯವೇ ಉಳಿಯಲಿಲ್ಲ. ಡಬ್ಬಿಯವರು ಎದುರಿಗೇ ನಿಂತಿರುತ್ತಿದ್ದರು. ಕೂಗು ನಿಂತಮೇಲೆ ಭಾವನ ಮಾತೂ ಕಡಿಮೆಯಾಯಿತು. ಬೆಳಗ್ಗೆ ಬಂದು ಮೋಟಾರು ಒರೆಸುವುದು, ಬೆಲ್ಟು ಒರೆಸುವುದು, ಬೆಂಚಿನ ಮೇಲೆ ಕೂರುವುದು. ಗಿರಣಿ ಓಡಲಿ ಬಿಡಲಿ, ಅದರ ಮೋಟಾರಿಗೆಂದೇ ಎಳೆಸಿದ ದೊಡ್ಡ ಕರೆಂಟ್ ಲೈನಿನ ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಅಕ್ಕ ಹಲ್ಲು ಕಚ್ಚಿಕೊಂಡು ನಡೆಸುವಷ್ಟು ನಡೆಸಿದಳು, ಕಡೆಗೊಂದು ದಿನ ಗುಜರಿಯವನನ್ನು ಕರೆದಳು.

ಗುಜರಿಯವನು ಬಂದು ಮೋಟಾರಿನ ಸುತ್ತ ಸುತ್ತಿ, ಕಲ್ಲನ್ನು ತಟ್ಟಿ, ಸೋಮವಾರ ಬಂದು ಬಿಚ್ಚಿಕೊಂಡು ಹೋಗ್ತೀನಿ ಎಂದ. ಅಕ್ಕ ಹೂಂ ಎಂದಳು. ಅವಳು ಮಾತು ಕೊಟ್ಟರೆ ಮುಗಿಯಿತು. ಅದು ಊರಿಗೇ ಗೊತ್ತಿದ್ದ ಸಂಗತಿ. ಆಮೇಲೆ ಗಂಡನ ಕಿವಿಯ ಹತ್ತಿರ ಬಾಯಿಟ್ಟು, “ರೀ, ಸೋಮವಾರ ಗಿರಣಿ ಬಿಚ್ತಾರೆ ರೀ,” ಎಂದು ಕೂಗಿ ಹೇಳಿದಳು. ಭಾವ ತಲೆಯಾಡಿಸಿದರು. ಎದ್ದು ಹೋಗಿ, ಒರೆಸಿದ ಮೋಟಾರನ್ನೇ ಮತ್ತೆ ಒರೆಸತೊಡಗಿದರು. ಅದನ್ನು ನೋಡಿ ಅಕ್ಕನಿಗೆ ಅನಿಸಿತು: ಬಯ್ದಿದ್ದರೆ ಚೆನ್ನಾಗಿತ್ತು, ತಾನೂ ನಾಲ್ಕು ಮಾತು ಬಯ್ದು ಹಗುರಾಗಬಹುದಿತ್ತು.

ಅದಾದಮೇಲಿನ ಶನಿವಾರ ಮಧ್ಯಾಹ್ನ ಬಾಡಿಗೆ ಕಾರಿನ ಆ ಹುಡುಗಿ ಗಿರಣಿಯ ಮುಂದೆ ಬಂದು ನಿಂತಳು. ಬಂದಳು ಎನ್ನುವುದಕ್ಕಿಂತ ತೆವಳಿದಳು ಎನ್ನಬೇಕು. ಕಾರಿನಲ್ಲಿ ಜೀವ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಚಿಕ್ಕಂದಿನಲ್ಲಿ ಅಮ್ಮನ ಡಬ್ಬಿ ಹೊತ್ತು ಇದೇ ಗಿರಣಿಗೆ ಬರುತ್ತಿದ್ದವಳು ಅವಳು.

“ಅಕ್ಕಾ, ನಿಮ್ ಗಿರಣಿಗೆ ದೊಡ್ಡ ಲೈನ್ ಇದೆ ಅಲ್ವಾ?”

“ಇದೆ. ನಾಡಿದ್ದು ಇರಲ್ಲ. ಯಾಕೇ?”

“ನನ್ ಕಾರಿಗೆ ಸ್ವಲ್ಪ ಕುಡಿಸಿ ಅಕ್ಕಾ. ಸಂಜೆ ರೈಲಿಗೆ ಹೋಗೋರು ಕಾಯ್ತಾ ಇರ್ತಾರೆ. ನಗರಸಭೇಲಿ ಜೀಪು ಅಲ್ಲಾಡ್ತಿಲ್ಲ. ಹೋಟೆಲಲ್ಲಿ ಊಟ ಮಾಡಿದ್ರೂ ಪ್ಲಗ್ಗಲ್ಲಿ ಬೇರೆಯವರ ಕಾರಿದೆ. ಸಿನಿಮಾ ಬದಲಾಗಿದೆ, ಆದ್ರೆ ಟಿಕೆಟ್ಟೇ ಸಿಗ್ತಿಲ್ಲ!”

“ಕಾರಿಗೆ ಕುಡಿಸೋಕೆ ಇದೇನು ದನದ ಕೊಟ್ಟಿಗೆ ಅನ್ಕೊಂಡ್ಯಾ?” ಎಂದಳು ಅಕ್ಕ. ಆದರೆ ಬಾಯಿ ಹಾಗೆನ್ನುತ್ತಿರುವಾಗಲೇ ಕೈ ಫೋನು ಹುಡುಕುತ್ತಿತ್ತು. ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವಳ ಜಾಯಮಾನವಲ್ಲ. ಗಿರಣಿಯ ಮೋಟಾರು ಸುಟ್ಟಾಗಲೆಲ್ಲ ಅದರ ತಂತಿ ಸುತ್ತಿಕೊಡುತ್ತಿದ್ದ ಮೆಕ್ಯಾನಿಕ್, ಊರು ಅವನನ್ನು ವೈಂಡಿಂಗ್ ಎಂದೇ ಕರೆಯುತ್ತಿತ್ತು, ಸೈಕಲ್ ತುಳಿದುಕೊಂಡು ಬಂದ. ಲೈನು ನೋಡಿದ, ಮೀಟರು ನೋಡಿದ, ಹುಡುಗಿ ಡಿಕ್ಕಿಯಿಂದ ತೆಗೆದ ಡಬ್ಬದಂಥ ಚಾರ್ಜರನ್ನೂ ಅದರ ದಪ್ಪ ವೈರನ್ನೂ ನೋಡಿದ. ಸ್ಟಾರ್ಟರಿನ ಪಕ್ಕದಲ್ಲಿ ಹೊಸ ಸ್ವಿಚ್ಚು, ಸಾಕೆಟ್ಟು ಕೂರಿಸಿ ಕೈಯೊರೆಸಿಕೊಂಡ.

“ಗಿರಣಿ, ಕಾರು ಎರಡೂ ಒಟ್ಟಿಗೆ ಬೇಡ ಅಕ್ಕಾ. ಫ್ಯೂಸ್ ಹೋಗುತ್ತೆ. ಒಂದು ಓಡೋವಾಗ ಇನ್ನೊಂದು ಸುಮ್ನಿರಬೇಕು.”

“ಗಿರಣಿ ಸುಮ್ನೇ ಇದೆಯಪ್ಪ. ಅದರ ಚಿಂತೆ ನಿನಗೆ ಬೇಡ,” ಎಂದಳು ಅಕ್ಕ.

ಹುಡುಗಿ ಪ್ಲಗ್ಗು ಹಾಕಿ, ಕಾರಿನ ಪರದೆಯಲ್ಲಿ ಅಂಕಿ ಏರುವುದನ್ನು ನೋಡಿ, ನೋಡ್ಕೊಳ್ಳಿ ಅಕ್ಕಾ ಎಂದು ಹೇಳಿ ಏನಾದರೂ ತಿಂದು ಬರಲು ಹೋದಳು. ಹೋಟೆಲಿನ ಊಟ ಆಗಿತ್ತಲ್ಲ ಎಂದು ಕೇಳಬೇಡಿ. ಸಿಟ್ಟು ಬಂದರೆ ಅವಳಿಗೆ ಹಸಿವಾಗುತ್ತದೆ.

ಅಕ್ಕ ಕುರ್ಚಿ ಎಳೆದುಕೊಂಡು ಕಾವಲಿಗೆ ಕುಳಿತಳು. ಕಾರು ಗುರುಗುಟ್ಟಲಿಲ್ಲ. ಮಿಸುಕಲಿಲ್ಲ. ಕಿವಿ ಹತ್ತಿರ ಒಯ್ದಳು. ಏನೂ ಇಲ್ಲ. ಸದ್ದೇ ಇಲ್ಲ ಎಂದರೆ ಖಾಲಿ ಓಡುತ್ತಿದೆ, ಖಾಲಿ ಓಡಿದರೆ ಒಳಗೆ ಏನಾದರೂ ಉಜ್ಜಿ ಹಾಳಾಗುತ್ತದೆ, ಪಾಪದ ಹುಡುಗಿಯ ಕಾರು! ಇಷ್ಟನ್ನು ಅವಳು ಪೂರ್ತಿ ಯೋಚಿಸಿದಳೋ ಇಲ್ಲವೋ, ಕೈ ಮಾತ್ರ ಸ್ವಿಚ್ಚನ್ನು ಟಕ್ಕೆಂದು ಕೆಳಗಿಳಿಸಿತ್ತು. ಒಂದು ಕಾರನ್ನು ಕಾಪಾಡಿದ ನೆಮ್ಮದಿಯಲ್ಲಿ ಅಕ್ಕ ಕಾಲು ಚಾಚಿ ಕುಳಿತಳು.

ಹುಡುಗಿ ಬಂದು ಪರದೆ ನೋಡಿದವಳೇ ಕಿರುಚಿದಳು. “ಅಯ್ಯೋ! ಇದು ಇದ್ದಲ್ಲೇ ಇದೆ! ಯಾರು ಆಫ್ ಮಾಡಿದ್ದು?”

“ನಾನೇ. ಬರಿದೇ ಓಡ್ತಿತ್ತಲ್ಲೇ.”

“ಇದು ಹೀಗೇ ಅಕ್ಕಾ! ಸದ್ದು ಮಾಡಲ್ಲ!”

“ಸದ್ದಿಲ್ಲದೆ ಕೆಲಸ ಮಾಡೋ ಮಷೀನನ್ನ ಹೇಗೆ ನಂಬ್ತೀರೋ ನೀವು,” ಎಂದು ಅಕ್ಕ ನಾಲಿಗೆ ಕಚ್ಚಿಕೊಂಡಳು. ಹುಡುಗಿ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತವಳು ಒಮ್ಮೆಲೇ ನಗತೊಡಗಿದಳು. ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಮತ್ತೆ ಸ್ವಿಚ್ಚು ಏರಿಸಿದರು. ಮತ್ತೆ ಅದೇ ಮೌನ. ಅಕ್ಕನ ಕೈ ತನ್ನಷ್ಟಕ್ಕೆ ಮತ್ತೆ ಸ್ವಿಚ್ಚಿನ ಕಡೆ ಹೊರಟಿತು. ಹುಡುಗಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಒಳಗಿನ ಬೆಂಚಿನಿಂದ ಭಾವ ಎದ್ದು ಬಂದರು. ಏನು ಗಲಾಟೆ ಎಂದು ಕೇಳಲಿಲ್ಲ. ಕಾರನ್ನು ನೋಡಿದರು, ವೈರನ್ನು ನೋಡಿದರು, ಹುಡುಗಿಯ ಚಾರ್ಜರ್ ಡಬ್ಬದ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು. ಅವರ ಹುಬ್ಬು ಮೆಲ್ಲಗೆ ಮೇಲೇರಿತು, ಕಣ್ಣು ಅರಳಿತು.

“ಓಡ್ತಾ ಇದೆ ಕಣೇ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. “ಒಳ್ಳೇ ಭರ್ತಿ ಓಡ್ತಾ ಇದೆ. ಇಲ್ಲಿ ಕೈಯಿಡು!”

ಗುಜರಿಯವನು ಬಂದುಹೋದ ಮೇಲೆ ಅವರು ಆಡಿದ ಮೊದಲ ಮಾತು ಅದು. ಅಕ್ಕ ಕೈಯಿಟ್ಟಳು. ಡಬ್ಬ ಬೆಚ್ಚಗಿತ್ತು. ಒಳಗೆ ಸಣ್ಣಗೆ, ಬಹಳ ಸಣ್ಣಗೆ, ಏನೋ ನಡುಗುತ್ತಿತ್ತು. ಅವಳಿಗೆ ಡಬ್ಬಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿದ್ದ ಗಂಡನ ಮುಖ ಕಾಣಿಸಿತು. ಎಷ್ಟೋ ಕಾಲದಿಂದ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ. ಈ ಮನುಷ್ಯನ ಕೈಕೆಳಗಿನಿಂದ ಗಿರಣಿಯನ್ನು ಬಿಚ್ಚಿಸಿದರೆ ಇವರನ್ನೇ ಬಿಚ್ಚಿಸಿದ ಹಾಗೆ ಎಂದು ಆಗ ಅವಳಿಗೆ ಚೆನ್ನಾಗಿ ತಿಳಿಯಿತು. ಆದರೆ ಮಾತು ಕೊಟ್ಟಾಗಿತ್ತು.

ಹುಡುಗಿಯ ಕಾರಿನವರಿಗೆ ರೈಲು ತಪ್ಪಲಿಲ್ಲ. ಅವಳು ರೈಲು ನಿಲ್ದಾಣದಿಂದಲೇ ಊರಿನ ಕರೆಂಟ್ ಗಾಡಿಯವರ ಫೋನ್ ಗುಂಪಿಗೆ ಒಂದು ಸುದ್ದಿ ಹಾಕಿದಳು: ಗಿರಣಿ ಅಕ್ಕನ ಹತ್ತಿರ ಪ್ಲಗ್ಗಿದೆ, ಊಟ ಮಾಡಬೇಕಿಲ್ಲ, ಸಿನಿಮಾ ನೋಡಬೇಕಿಲ್ಲ.

ಭಾನುವಾರ ಬೆಳಗ್ಗೆ ಅಕ್ಕ ಬಾಗಿಲು ತೆಗೆದರೆ ಬೀದಿಯ ತುಂಬ ಗಾಡಿಗಳು! ಹಲ್ಲಿನ ಡಾಕ್ಟರ ಬಿಳಿ ಕಾರು, ಬೇಕರಿಯವನ ಬ್ರೆಡ್ ಸಾಗಿಸುವ ವ್ಯಾನು, ಅವುಗಳ ಹಿಂದೆ ಇನ್ನೂ ಕಾರು, ಸ್ಕೂಟರು. ಇಷ್ಟು ಕರೆಂಟ್ ಗಾಡಿಗಳನ್ನು ಒಂದೇ ಕಡೆ ಆ ಗಾಡಿಯವರೇ ಎಂದೂ ನೋಡಿರಲಿಲ್ಲ. ಎಲ್ಲ ಇಷ್ಟು ದಿನ ಒಬ್ಬೊಬ್ಬರೇ ಕಿಟಕಿಯಿಂದ ವೈರು ಇಳಿಬಿಟ್ಟುಕೊಂಡು ಒದ್ದಾಡುತ್ತಿದ್ದವರು. ಈಗ ಒಬ್ಬರ ಕಷ್ಟ ಒಬ್ಬರು ಕೇಳಿ ಹಿಗ್ಗುತ್ತಿದ್ದರು. ಆ ಹಿಗ್ಗು ಪ್ಲಗ್ಗಿನ ಹತ್ತಿರ ಬಂದ ಕೂಡಲೇ ಮುಗಿಯಿತು.

“ನಾನು ಮೊದಲು ಬಂದಿದ್ದು,” ಎಂದರು ಹಲ್ಲಿನ ಡಾಕ್ಟರು.

“ನೀವು ಬಂದು ಮತ್ತೆ ಹೋದ್ರಿ ಡಾಕ್ಟ್ರೇ. ಹೋದವರ ಲೆಕ್ಕ ಹೋಯ್ತು. ನನ್ನ ಬ್ರೆಡ್ ಒಣಗ್ತಾ ಇದೆ,” ಎಂದ ಬೇಕರಿಯವನು.

ದನಿಗಳು ಏರಿದವು. ಒಬ್ಬರು ಇನ್ನೊಬ್ಬರ ಕಾರಿಗೆ ಕಾರು ಅಡ್ಡ ಹಾಕಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ಮೇಲೆ ನಿಂತಳು. ಜಗಳ ಬಿಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

“ಏಯ್! ಸುಮ್ನಿರ್ತೀರೋ ಇಲ್ವೋ? ಇದು ಗಿರಣಿ. ಇಲ್ಲಿ ಮನುಷ್ಯರು ಸಾಲು ನಿಲ್ಲಲ್ಲ, ಕಾರೂ ನಿಲ್ಲಲ್ಲ. ಡಬ್ಬಿ ನಿಲ್ಲುತ್ತೆ. ಹೋಗಿ, ಎಲ್ಲರೂ ಒಂದೊಂದು ಡಬ್ಬಿ ತನ್ನಿ. ಡಬ್ಬಿ ಇಟ್ಟು ನಿಮ್ಮ ಕೆಲಸ ನೋಡ್ಕೊಳ್ಳಿ. ಸರದಿ ಬಂದಾಗ ಕೂಗ್ತೀವಿ.”

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಯಾರೋ ಒಬ್ಬರು ಓಡಿದರು, ಉಳಿದವರೂ ಓಡಿದರು. ಬಿಸ್ಕತ್ತಿನ ಡಬ್ಬಿ ಬಂತು, ಬಣ್ಣದ ಡಬ್ಬಿ ಬಂತು, ಡಾಕ್ಟರ ಮನೆಯಿಂದ ಹೂವಿನ ಚಿತ್ರವಿದ್ದ ನಾಜೂಕಿನ ಡಬ್ಬಿಯೊಂದು ಬಂತು. ಸ್ಕೂಟರಿನವನೊಬ್ಬ ಹೆಲ್ಮೆಟ್ ಇಡಲು ನೋಡಿ ಬೈಸಿಕೊಂಡ. ನೋಡನೋಡುತ್ತಿದ್ದಂತೆ ಗಿರಣಿಯ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಡಬ್ಬಿಗಳ ಸಾಲು ನಿಂತಿತು. ಅಕ್ಕನಿಗೆ ಅದನ್ನು ನೋಡಿ ಮೈ ಜುಮ್ಮೆಂದಿತು.

ಭಾವನಿಗೂ ಸಾಲು ಕಾಣಿಸಿತು. ಅವರು ಒಳಗಿನಿಂದ ಬಂದು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿದರು. ಅಂಗಿಯ ತೋಳು ಮಡಚಿದರು. ಹೋಗಿ ಮೊದಲ ಡಬ್ಬಿಯನ್ನು ಎತ್ತಿದರು. ಹಗುರ. ಬೋರಲು ಹಾಕಿ ಪಕ್ಕಕ್ಕಿಟ್ಟರು. ಎರಡನೆಯದು, ಅದೂ ಹಗುರ. ಅದೂ ಬೋರಲು. ಹೀಗೆ ಸಾಲಿನುದ್ದಕ್ಕೂ ನಡೆದರು, ಮುಖದಲ್ಲಿ ಅದೇ ಹಳೆಯ ಜಬರದಸ್ತು.

“ರೀ! ಏನು ಮಾಡ್ತಿದ್ದೀರಿ? ಇವರು ಕಾರಿನವರು ರೀ!” ಅಕ್ಕ ಅವರ ಹಿಂದೆ ಓಡಿದಳು. ಭಾವನಿಗೆ ಕೇಳಿಸಲಿಲ್ಲ.

“ಸಾರ್, ನಂದು ಚಾರ್ಜಿಂಗ್ ಡಬ್ಬಿ,” ಎಂದರು ಡಾಕ್ಟರು. ಅದೂ ಕೇಳಿಸಲಿಲ್ಲ. ಹೂವಿನ ಚಿತ್ರದ ಡಬ್ಬಿ ಬೋರಲಾಯಿತು.

“ಭಾವಾ, ಬ್ಯಾಟರಿ! ಬ್ಯಾಟರಿಗೆ!” ಬೇಕರಿಯವನು ಕೈಸನ್ನೆ ಮಾಡಿ ತೋರಿಸಿದ. ಭಾವ ಅವನ ಬೆನ್ನು ತಟ್ಟಿ, “ಕಾಳು ತಗೊಂಡು ಬಾ. ಖಾಲಿ ಡಬ್ಬಿಗೆ ಜಾಗ ಇಲ್ಲ,” ಎಂದು ಗದರಿ ಮುಂದೆ ಹೋದರು.

ಅಕ್ಕನಿಗೆ ನಾಚಿಕೆಯಾಯಿತು. ಗಂಡನ ತೋಳು ಹಿಡಿದು ಕಿವಿಯಲ್ಲಿ ಕೂಗಿ ಎಲ್ಲವನ್ನೂ ತಿಳಿಸಿ ಹೇಳಬೇಕೆಂದುಕೊಂಡಳು. ಕೈ ಚಾಚಿದಳು ಕೂಡ. ಆದರೆ ಅವರು ಡಬ್ಬಿಯಿಂದ ಡಬ್ಬಿಗೆ ಹೋಗುತ್ತಿದ್ದ ಆ ಗತ್ತು, ಆ ಹುರುಪು! ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು. ಅವಳು ಕಾರಿನವರ ಕಡೆ ತಿರುಗಿದಳು.

“ಕೇಳಿಸ್ತಲ್ಲ? ಕಾನೂನು ಅಂದ್ರೆ ಕಾನೂನು. ಕಾಳು ತನ್ನಿ. ಹೇಗೂ ಮನೇಲಿ ಹಿಟ್ಟು ಬೇಕಲ್ಲ?”

ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಒಬ್ಬರಾದರೂ ಸಿಟ್ಟು ಮಾಡಿಕೊಂಡು ಹೋಗುತ್ತಾರೆ ಎಂದೇ ಅವಳು ಅಂದುಕೊಂಡಿದ್ದಳು. ಹೋಗಲಿಕ್ಕೆ ಅವರಿಗೆ ಬೇರೆ ಕಡೆ ಪ್ಲಗ್ಗೆಲ್ಲಿದೆ? ಡಾಕ್ಟರು ಗೊಣಗುತ್ತಲೇ ಮೂಲೆಯ ಕಿರಾಣಿ ಅಂಗಡಿಗೆ ನಡೆದರು. ಬೇಕರಿಯವನು ಮನೆಗೆ ಫೋನು ಮಾಡಿದ. ಸ್ವಲ್ಪ ಹೊತ್ತಿನಲ್ಲೇ ಕಿರಾಣಿ ಅಂಗಡಿಯವನು ಹೊರಗೆ ಬಂದು, ಈ ದಿನ ಗೋಧಿಗೆ ಏನಾಗಿದೆ ಎಂದು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದ. ಭಾವ ಮತ್ತೆ ಒಂದೊಂದೇ ಡಬ್ಬಿ ಎತ್ತಿ ತೂಗಿ ನೋಡಿ, ತೃಪ್ತಿಯಿಂದ ಸಾಲಿಗೆ ಸೇರಿಸಿದರು.

ಆ ಸಂಭ್ರಮದಲ್ಲಿ ಅಕ್ಕ ವೈಂಡಿಂಗಿನ ಮಾತನ್ನು ಪೂರ್ತಿ ಮರೆತಳು. ವ್ಯಾನಿಗೆ ಪ್ಲಗ್ಗು ಹಾಕಿದಳು, ಡಾಕ್ಟರ ಗೋಧಿಯನ್ನು ಗಿರಣಿಯ ಬಾಯಿಗೆ ಸುರಿದಳು, ಸ್ಟಾರ್ಟರ್ ಒತ್ತಿದಳು. ಗಿರಣಿ ಒಮ್ಮೆ ಗುರ್ ಎಂದಿತು. ಫಟ್! ದೀಪ ಹೋಯಿತು, ಫ್ಯಾನು ನಿಂತಿತು, ವ್ಯಾನಿನ ಪರದೆಯ ಅಂಕಿ ನಿಂತಿತು. ಎಲ್ಲರೂ ಹೋ ಎಂದರು. ಅಕ್ಕ ಹಣೆ ಚಚ್ಚಿಕೊಂಡಳು. ಲೈನೇ ಸುಟ್ಟುಹೋಗಿದ್ದರೆ? ಒಂದು ದಿನದ ಸಂತೋಷಕ್ಕೆ ಕಲ್ಲು ಹಾಕಿಕೊಂಡೆನಲ್ಲ!

ವೈಂಡಿಂಗ್ ಬಂದು ಹೊಸ ಫ್ಯೂಸು ಹಾಕಿದ. “ಹೇಳಿದ್ನಲ್ಲ ಅಕ್ಕಾ,” ಎಂದ ನಗುತ್ತಾ. “ಲೈನಿಗೇನೂ ಆಗಿಲ್ಲ. ಒಂದು ಡಬ್ಬಿ ಬೀಸೋಕೆ ಎಷ್ಟು ಹೊತ್ತು? ಅಷ್ಟು ಹೊತ್ತು ಕಾರಿಗೆ ಬಿಡುವು ಕೊಡಿ. ಬೀಸಿದ್ಮೇಲೆ ಮತ್ತೆ ಕಾರು. ಮತ್ತೆ, ನಾಳೆ ಕರೆಂಟ್ ಆಫೀಸಿಗೆ ಹೋಗಿ ಹೇಳಿಬಿಡೋಣ. ಎಲ್ಲ ಕ್ರಮವಾಗಿ ಇರಲಿ.”

ನಾಳೆ ಎಂಬ ಮಾತು ಕೇಳಿದ್ದೇ ಅಕ್ಕನ ಮುಖದ ನಗು ಆರಿತು. ನಾಳೆ ಸೋಮವಾರ.

ಆದರೂ ಅಂದು ಗಿರಣಿ ಓಡಿತು. ಒಂದು ಡಬ್ಬಿ, ಒಂದು ಗಾಡಿ, ಮತ್ತೊಂದು ಡಬ್ಬಿ. ಗಿರಣಿ ಓಡುವಾಗ ಅಕ್ಕನ ಕಿವಿ, ಗಾಡಿ ಚಾರ್ಜ್ ಆಗುವಾಗ ಭಾವನ ಅಂಗೈ. ಗಿರಣಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಇಳಿಯುತ್ತಿದ್ದ ಹಿಟ್ಟಿಗೆ ಡಾಕ್ಟರು ಕೈಯೊಡ್ಡಿದರು. “ಅರೆ, ಬಿಸಿ ಇದೆ!” ಎಂದು ಮಗುವಿನ ಹಾಗೆ ಎಲ್ಲರನ್ನೂ ಕರೆದು ತೋರಿಸಿದರು. ಪ್ಯಾಕೆಟ್ಟಿನ ಹಿಟ್ಟು ಯಾವತ್ತೂ ಬಿಸಿಯಾಗಿ ಸಿಗುವುದಿಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಇನ್ನೊಂದು ಹಿಡಿ ಮೂಸಿದರು, ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡರು, ಬೇಕರಿಯವನು ಅದನ್ನು ಫೋಟೋ ಹಿಡಿದ. ಬೆಳಗ್ಗೆ ಜಗಳವಾಡಿದವರು ಇವರೇ ಎಂದರೆ ಯಾರೂ ನಂಬುತ್ತಿರಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಕ್ಕ ಗಂಡನ ಕಿವಿಯ ಹತ್ತಿರ ಬಗ್ಗಿದಳು. “ರೀ, ನಾಳೆ ಗುಜರಿಯವನು ಬರ್ತಾನೆ. ನಾನು ಮಾತು ಕೊಟ್ಟುಬಿಟ್ಟಿದ್ದೀನಿ. ಏನು ಮಾಡ್ಲಿ?”

ಭಾವನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದರೋ. ಗಿರಣಿಯ ಮೇಲಿನ ಕಲ್ಲನ್ನು ಇಳಿಸಿ, ಉಳಿ ಸುತ್ತಿಗೆ ಹಿಡಿದು, ಸವೆದ ಗೆರೆಗಳಿಗೆ ಹೊಸದಾಗಿ ಹಲ್ಲು ಕಡೆಯತೊಡಗಿದರು. ಬಿಚ್ಚಿಸಿಕೊಳ್ಳುವ ಗಿರಣಿಯ ಕಲ್ಲಿಗೆ ಯಾರಾದರೂ ಹಲ್ಲು ಕಡೆಯುತ್ತಾರೆಯೇ? ಅಕ್ಕ ಪಕ್ಕದಲ್ಲಿ ಕುಳಿತು ಕಲ್ಲಿನ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿದಳು. ಒಂದು ಕಡೆ ಕೊಟ್ಟ ಮಾತು, ಇನ್ನೊಂದು ಕಡೆ ಈ ಮನುಷ್ಯ.

ಸೋಮವಾರ ಬೆಳಗ್ಗೆ ಡಬ್ಬಿಗಳು ಅವಳಿಗಿಂತ ಮೊದಲೇ ಬಂದು ಬಾಗಿಲ ಮುಂದೆ ನಿಂತಿದ್ದವು. ಎಲ್ಲವೂ ತುಂಬಿದ ಡಬ್ಬಿಗಳೇ. ಬಾಡಿಗೆ ಕಾರಿನ ಹುಡುಗಿಯ ಡಬ್ಬಿಯೂ ಇತ್ತು, ಚಿಕ್ಕಂದಿನಲ್ಲಿ ಹೊತ್ತು ತರುತ್ತಿದ್ದ ಅದೇ ನೆಗ್ಗಿದ ಡಬ್ಬಿ. ಅಕ್ಕ ಗಿರಣಿ ಶುರು ಮಾಡಿದಳಾದರೂ ಕಣ್ಣೆಲ್ಲ ಬೀದಿಯ ತಿರುವಿನ ಮೇಲೇ ಇತ್ತು.

ಗುಜರಿಯವನು ಬಂದ. ಸಾಮಾನು ಹೊರುವ ಮೂರು ಚಕ್ರದ ಗಾಡಿಯನ್ನು ತಳ್ಳಿಕೊಂಡು ಬಂದ. ಗಾಡಿಯಲ್ಲಿ ಹಗ್ಗ, ಸ್ಪ್ಯಾನರು, ದಾರಿಯಲ್ಲಿ ಸಿಕ್ಕ ಹಳೆಯ ತಗಡು, ಡಬ್ಬ. ಮೈಯೆಲ್ಲ ಬೆವರು.

“ಬಾರಪ್ಪ,” ಎಂದಳು ಅಕ್ಕ, ದನಿಯನ್ನು ಗಟ್ಟಿ ಮಾಡಿಕೊಂಡು. “ಮಾತು ಕೊಟ್ಟಿದ್ದೀನಿ. ತಪ್ಪಲ್ಲ. ಇವತ್ತಿನ ಡಬ್ಬಿಗಳು ಮುಗಿದಮೇಲೆ ಬಿಚ್ಚಿಕೋ.”

“ಬಿಚ್ಚೋದು ಇರಲಿ ಅಕ್ಕಾ.” ಅವನು ಏದುಸಿರು ಬಿಡುತ್ತ ಗಾಡಿಗೆ ಒರಗಿದ. “ಪೆಟ್ರೋಲ್ ಬಂಕಿನ ಬೋರ್ಡು ನಂಬಿ ಅಲ್ಲಿಗೆ ಹೋದೆ. ಬರೀ ಬೋರ್ಡು! ಅಲ್ಲಿಂದ ತಳ್ಕೊಂಡು ಬರ್ತಿದ್ದೀನಿ. ಹೊಸ ಗಾಡಿ, ಬ್ಯಾಟರಿದು. ನಿಮ್ಮಲ್ಲಿ ಚಾರ್ಜ್ ಮಾಡ್ತಾರಂತಲ್ಲ?”

ಗಿರಣಿಯ ಒಳಗಿದ್ದವರೆಲ್ಲ ಒಮ್ಮೆ ಗುಜರಿಯವನನ್ನು, ಒಮ್ಮೆ ಅವನ ಗಾಡಿಯನ್ನು ನೋಡಿದರು. ಬಾಡಿಗೆ ಕಾರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಮಾಡ್ತೀವಿ,” ಎಂದಳು ಅಕ್ಕ. “ಸಾಲಿನಲ್ಲಿ ಡಬ್ಬಿ ಇಡು.”

ಅವನ ಗಾಡಿಯಲ್ಲಿ ಡಬ್ಬಗಳಿಗೇನು ಬರ. ಒಂದನ್ನು ಎಳೆದು ಸಾಲಿನ ಕೊನೆಗೆ ಇಟ್ಟ. ಭಾವ ಬಂದು ಎತ್ತಿ ನೋಡಿ, ಬೋರಲು ಹಾಕಿ, “ಕಾಳು!” ಎಂದು ಗುಡುಗಿದರು. ಗುಜರಿಯವನು ತಬ್ಬಿಬ್ಬಾಗಿ ಅಕ್ಕನ ಮುಖ ನೋಡಿದ. ಅಕ್ಕ ಕಿರಾಣಿ ಅಂಗಡಿಯ ಕಡೆ ಬೆರಳು ತೋರಿಸಿದಳು. ಅವನು ಹೋದ. ಡಬ್ಬದ ತುಂಬ ಗೋಧಿ ತಂದು, ಶಾಲೆಯ ಹುಡುಗನ ಹಾಗೆ ವಿನಯದಿಂದ ಸಾಲಿನಲ್ಲಿಟ್ಟು, ಮೆಟ್ಟಿಲ ಮೇಲೆ ಕುಳಿತ.

ಕುಳಿತವನು ನೋಡುತ್ತಲೇ ಇದ್ದ. ಗಿರಣಿ ಗುರುಗುಟ್ಟುವುದನ್ನು, ನಿಲ್ಲುವುದನ್ನು, ಚಾರ್ಜರ್ ಡಬ್ಬದ ಮೇಲೆ ಭಾವ ಅಂಗೈ ಇಟ್ಟು ತಲೆದೂಗುವುದನ್ನು. ಜನ ಡಬ್ಬಿ ಇಟ್ಟು ಹೋಗುವುದನ್ನು, ಬಿಸಿ ಹಿಟ್ಟು ಎತ್ತಿಕೊಂಡು ಗಾಡಿ ಏರುವುದನ್ನು. ಅವನು ತನ್ನ ಸ್ಪ್ಯಾನರುಗಳ ಚೀಲವನ್ನು ಒಮ್ಮೆ ನೋಡಿದ. ಎದ್ದು ಹೋಗಿ ಅದನ್ನು ಗಾಡಿಯ ಮೂಲೆಗೆ ತಳ್ಳಿ ಮತ್ತೆ ಬಂದು ಕುಳಿತ.

“ಅಕ್ಕಾ,” ಎಂದ. “ನನಗೆ ನೀವು ಕೊಟ್ಟ ಮಾತು ಗುಜರಿದು ಅಲ್ವಾ?”

“ಹೂಂ.”

“ಗುಜರಿ ಅಂದ್ರೆ ಓಡದೆ ಇರೋ ಸಾಮಾನು. ಇದು ಓಡ್ತಾ ಇದೆಯಲ್ಲ. ಇದನ್ನ ನಾನು ಮುಟ್ಟಲ್ಲ. ಅಲ್ಲ, ಇದನ್ನ ಬಿಚ್ಚಿಕೊಂಡು ಹೋದ್ರೆ ನಿಮ್ಮ ದೊಡ್ಡ ಲೈನೂ ಹೋಗುತ್ತೆ. ಆಮೇಲೆ ನಾನು ಗಾಡೀನ ಊರೆಲ್ಲ ತಳ್ಕೊಂಡು ತಿರುಗಬೇಕಾ?”

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹಿಟ್ಟು ಒದ್ದೆಯಾಗಿ ಕೆನ್ನೆಗೆಲ್ಲ ಮೆತ್ತಿಕೊಂಡಿತು. ಗಂಡನ ಹತ್ತಿರ ಓಡಿಹೋಗಿ ಕಿವಿಯಲ್ಲಿ ಕೂಗಿದಳು, “ರೀ! ಗಿರಣಿ ಬಿಚ್ಚಲ್ವಂತೆ ರೀ! ಬಿಚ್ಚಲ್ವಂತೆ!”

ಭಾವನಿಗೆ ಕೇಳಿಸಿತೋ ಇಲ್ಲವೋ, ಅವಳ ಕೈ ಅವರ ತೋಳಿನ ಮೇಲಿತ್ತು, ಆ ಕೈ ನಡುಗುತ್ತಿತ್ತು. ಅವರಿಗೆ ಅಷ್ಟು ಸಾಕಿತ್ತು. ಒಂದು ಗಳಿಗೆ ಅವಳ ಕೈಯ ಮೇಲೆ ತಮ್ಮ ಅಂಗೈ ಒತ್ತಿದರು. ಆಮೇಲೆ ಬಾಗಿಲಿಗೆ ಬಂದು, ಎದೆ ತುಂಬ ಉಸಿರೆಳೆದುಕೊಂಡು, ಬೀದಿಯ ಆ ತುದಿ ಈ ತುದಿಗೆಲ್ಲ ಕೇಳುವ ಹಾಗೆ ಕೂಗಿದರು.

“ಮುಂದಿನ ಡಬ್ಬಿ ಯಾರದು?”

ಎದುರಿನ ಶಾಲೆಯ ಮಕ್ಕಳು ಬೆಚ್ಚಿ ಕಿಟಕಿಗೆ ಮುಗಿಬಿದ್ದರು. ಮೆಟ್ಟಿಲ ಮೇಲಿದ್ದ ಗುಜರಿಯವನು ಧಡಕ್ಕನೆ ಎದ್ದು ಕೈಯೆತ್ತಿದ.

“ನಂದು ಭಾವಾ!”